ಯಾಕ್ಲಾ ಬಿದ್ದೆ?

ಮಂಡ್ಯದವರ ಮಾತು ಒರಟು ಎಂದು ಮೂಗು ಮುರಿಯುವವರಿಗೆ ಒಂದು ವಿಷಯ ಗೊತ್ತಿಲ್ಲ. ನಮ್ಮ ಬೈಗುಳದಲ್ಲಿ ಪೂರ್ತಿ ಮಾಹಿತಿ ಇರುತ್ತದೆ. ‘ಬಾಗ್ಲಲ್ಲೇ ಕೊಡ ಮಡಗಿದ್ದೀಯಲ್ಲೋ, ಯಾರಾರ ಎಡವುದ್ರೆ ಏನ್ಲಾ ಗತಿ?’ ತಪ್ಪೇನು, ಎಲ್ಲಿ, ಮುಂದೇನಾದೀತು, ಎಲ್ಲ ಒಂದೇ ಉಸಿರಿಗೆ ಬಂತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಬೈಯುವುದೂ ಹೆಚ್ಚುಕಡಿಮೆ ಹೀಗೆಯೇ. ಇಂಗ್ಲಿಷಿನಲ್ಲಿ ಬೈಯುತ್ತದೆಂಬ ಒಂದೇ ಕಾರಣಕ್ಕೆ ನಮ್ಮ ಹುಡುಗರು ಕೆಂಪಕ್ಷರ ಕಂಡೊಡನೆ ಲ್ಯಾಪ್‌ಟಾಪ್ ಮಡಚಿ ಟೀ ಕುಡಿಯಲು ಎದ್ದುಬಿಡುತ್ತಾರೆ.

ಕಬ್ಬಿನ ತೂಕದ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದಿರಿ ಅನ್ನಿ. ತೂಕ ಕೇಳಿದಲ್ಲಿ ಯಾರೋ ಕನ್ನಡದಲ್ಲೇ ‘೧೨’ ಎಂದು ಒತ್ತಿದರು. ಒತ್ತಿದ್ದನ್ನು ಸಂಖ್ಯೆಯಾಗಿಸುವ ಪೈಥಾನ್ 3ರ ‘ಇಂಟ್’ ತುಟಿಪಿಟಕ್ಕೆನ್ನದೆ ಅದನ್ನು ಹನ್ನೆರಡೆಂದೇ ತೆಗೆದುಕೊಳ್ಳುತ್ತದೆ. ನಮ್ಮ ಎಷ್ಟೋ ಕಚೇರಿಗಳಿಗಿಂತ ವಾಸಿ. ‘೧೨ ಟನ್’ ಎಂದು ಒತ್ತಿದರೋ, ವ್ಯಾಲ್ಯೂಎರರ್! ‘ಬೇಸ್ 10’ ಅಂತ ಏನೇನೋ ಗೊಣಗಿದರೂ, ಸಾಲಿನ ಕೊನೆಯಲ್ಲಿ ನೀವು ಒತ್ತಿದ್ದನ್ನೇ ಎತ್ತಿ ತೋರಿಸಿರುತ್ತದೆ. ಅಲ್ಲಿಯವರೆಗೆ ಓದುವ ತಾಳ್ಮೆ ಯಾರಿಗಿದೆ?

ಕೊನೆಯಲ್ಲೇ ಇರುವುದು ಮಜಾ. ಪೈಥಾನ್ 3ರಲ್ಲಿ ಫಂಕ್ಷನ್ನಿಗೆ ಕನ್ನಡದ ಹೆಸರನ್ನೇ ಇಡಬಹುದು. ‘ಮಂಡ್ಯ’ ಎಂಬ ಫಂಕ್ಷನ್ ‘ಮದ್ದೂರು’ ಎಂಬುದನ್ನು ಕರೆಯಿತು, ಮದ್ದೂರು ‘ಮಳವಳ್ಳಿ’ಯನ್ನು ಕರೆಯಿತು, ಮಳವಳ್ಳಿಯಲ್ಲಿ ಯಾರೋ ಸೊನ್ನೆಯಿಂದ ಭಾಗಿಸಿಬಿಟ್ಟರು. ಮಳವಳ್ಳಿಯಲ್ಲಿ ತಪ್ಪನ್ನು ಹಿಡಿಯುವ ‘ಎಕ್ಸೆಪ್ಟ್’ ಇಲ್ಲದಿದ್ದರೆ ದೂರು ಮದ್ದೂರಿಗೆ ಬರುತ್ತದೆ. ಅಲ್ಲಿ ವಡೆ ಸಿಕ್ಕೀತು, ಪರಿಹಾರ ಸಿಗದಿದ್ದರೆ ಮಂಡ್ಯಕ್ಕೆ. ಅಲ್ಲೂ ಕೇಳುವವರಿಲ್ಲದಿದ್ದರೆ ಪ್ರೋಗ್ರಾಂ ದಬಕ್ಕನೆ ಬಿತ್ತು. ಆಗ ಬರುವ ಟ್ರೇಸ್‌ಬ್ಯಾಕ್‌ನಲ್ಲಿ ಮೇಲೆ ಮಂಡ್ಯ, ತಳದಲ್ಲಿ ಮಳವಳ್ಳಿ. ಮೇಲಿನ ಸಾಲು ಓದಿ ‘ಮಂಡ್ಯದ್ದೇ ತಪ್ಪು’ ಅನ್ನುವವರು ಪ್ರೋಗ್ರಾಮರುಗಳಲ್ಲೂ ಇದ್ದಾರೆ.

ಇನ್ನು ಕೆಲವರಿದ್ದಾರೆ, ಬೈಗುಳವೇ ಬೇಡ ಎಂದು ‘ಎಕ್ಸೆಪ್ಟ್: ಪಾಸ್’ ಬರೆದುಬಿಡುತ್ತಾರೆ. ಅಂದರೆ, ಏನಾದರೂ ಸುಮ್ಕಿರ್ಲಾ! ಲೆಕ್ಕ ತಪ್ಪಿದರೂ ಸದ್ದಿಲ್ಲ, ಫೈಲೇ ಇಲ್ಲದಿದ್ದರೂ ಸದ್ದಿಲ್ಲ. ಸುತ್ತುತ್ತಲೇ ಇರುವ ಲೂಪಿನೊಳಗೆ ಇದನ್ನು ಬರೆದರೆ, ನಿಲ್ಲಿಸಲೆಂದು ಒತ್ತಿದ ಕಂಟ್ರೋಲ್-ಸಿಯನ್ನೂ ನುಂಗಿ ಮುಂದೆ ಸಾಗುತ್ತದೆ. ಇಂಥವರಿಗಿಂತ ಬಾಯಿಬಡುಕರೇ ಮೇಲು. ಪೈಥಾನ್ ಏನೋ ದಿನೇದಿನೇ ಸಭ್ಯವಾಗುತ್ತಿದೆ: 2021ರಲ್ಲಿ ಬಂದ 3.10ರಿಂದೀಚೆಗೆ ಹೆಸರು ತಪ್ಪಿ ಬರೆದರೆ ‘ಇದನ್ನೇನಾ ಹೇಳಿದ್ದು?’ ಎಂದು ಹತ್ತಿರದ ಹೆಸರನ್ನೂ ಸೂಚಿಸುತ್ತದೆ. ಇಷ್ಟು ಮರ್ಯಾದೆ ನಮ್ಮ ಕಡೆಯ ಬಸ್ ಕಂಡಕ್ಟರಿಂದ ನಿರೀಕ್ಷಿಸಬೇಡಿ.

ಇಷ್ಟಾದರೂ ಇಂಗ್ಲಿಷ್ ಬೈಗುಳ ಒಗ್ಗದಿದ್ದರೆ, ನಿಮ್ಮದೇ ಎಕ್ಸೆಪ್ಷನ್ ಹುಟ್ಟುಹಾಕಿ, ‘ರೈಸ್’ ಮಾಡಿ, ಬೇಕಾದ ಮಾತನ್ನು ಕನ್ನಡದಲ್ಲೇ ಆಡಿಸಿ. ಹೆಸರಿನ ನಡುವೆ ಮಾತ್ರ ಜಾಗ ಬಿಡುವಂತಿಲ್ಲ, ‘ನಾಲೇಲಿನೀರಿಲ್ಲ’ ಎಂದು ಒಟ್ಟಿಗೇ ಬರೆಯಬೇಕು. ಅದೇನು ಕಷ್ಟವಲ್ಲ ಬಿಡಿ, ನಮ್ಮವರು ಮಾತಾಡುವಾಗ ಮಧ್ಯೆ ಎಲ್ಲಿ ಜಾಗ ಬಿಡುತ್ತಾರೆ?