ಒಂದು ಕಪ್ಪಿಗೆ ಎಷ್ಟು ಗ್ರಾಂ?

ನಮ್ಮಮ್ಮನದು 36ಬಿ, ಆದ್ದರಿಂದ ನನ್ನದೂ 36ಬಿ. ಮದುವೆಯಾದ ಮೇಲೆ ಮನೆದೇವರು ಬದಲಾದರು, ಬ್ರಾ ಸೈಜು ಮಾತ್ರ ತವರಿನದೇ ಉಳಿಯಿತು. ಅಟ್ಟದ ಮೇಲಿನ ಡಬ್ಬಕ್ಕೆ ಕೈ ಎತ್ತಿದರೆ ಬೆನ್ನಿನ ಪಟ್ಟಿ ಕತ್ತಿನ ಕಡೆ ಹೊರಡುತ್ತಿತ್ತು. ಸಂಜೆಯಾದರೆ ಭುಜದ ಮೇಲೆ ಸ್ಟ್ರಾಪಿನ ಬರೆ. ವಯಸ್ಸಿನ ಜೊತೆ ಎದೆಭಾರವೂ ಏರಿರಬೇಕು ಅಂದುಕೊಂಡು, ತೂಗಿಯೇ ಬಿಡೋಣವೆಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಒಯ್ದೆ.

ಬಾಗಿ ಇಟ್ಟರೆ 310 ಗ್ರಾಂ. ಉಸಿರು ಬಿಟ್ಟರೆ 720. ಇನ್ನೊಂಚೂರು ಒರಗಿದೆ, ಕಿಲೋ ದಾಟಿತು. ಅದು ತೂಗುತ್ತಿದ್ದದ್ದು ನನ್ನ ಒರಗುವಿಕೆಯನ್ನು.

ಆರ್ಕಿಮಿಡೀಸ್ ನೆನಪಾದ. ಅವನಿಗೂ ಬುದ್ಧಿ ಹೊಳೆದದ್ದು ಸ್ನಾನದ ಹೊತ್ತಲ್ಲೇ ಅಂತೆ. ಪರಾತದೊಳಗೆ ಬೋಗುಣಿ ಇಟ್ಟು, ಅಂಚಿನವರೆಗೆ ನೀರು ತುಂಬಿಸಿ, ಸೊಂಟ ಬಗ್ಗಿಸಿ ಅದ್ದಿದೆ. ಆಗಲೇ ಬಾಗಿಲು ಬಡಿತ.

"ತಕ್ಕಡಿ ಎಲ್ಲಮ್ಮಾ? ಮಿಡಿಗಾಯಿಗೆ ಉಪ್ಪು ತೂಗ್ಬೇಕು."

"ಬಂದೆ ಅತ್ತೆ" ಅಂದೆ. ಬರಲು ಸೊಂಟ ಬಿಡಲಿಲ್ಲ.

ಪರಾತಕ್ಕೆ ಚೆಲ್ಲಿದ್ದು ಸುಮಾರು 390 ಮಿ.ಲೀ. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ತೂಕ 390 ಗ್ರಾಂಗಿಂತ ತುಸು ಕಮ್ಮಿ. ಎರಡೂ ಸೇರಿ ಮುಕ್ಕಾಲು ಕಿಲೋ! ಇಷ್ಟಕ್ಕೆ ಇಷ್ಟೊಂದು ನರಳಾಟವೇ?

ಮುಲಾಮು ಹಚ್ಚಿಕೊಂಡು ಟೇಪು ಹಿಡಿದೆ. ಎದೆಯ ಕೆಳಗಿನ ಸುತ್ತಳತೆ 32 ಇಂಚು, ತುಂಬಿದ ಕಡೆ 35. ಕೆಳಗಿನ ಸುತ್ತಳತೆಯೇ ಸೈಜಿನ ಸಂಖ್ಯೆ. ಎರಡರ ನಡುವಿನ ವ್ಯತ್ಯಾಸ ಕಪ್ಪಿನ ಅಕ್ಷರ: ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ. ಅಂದರೆ ನಾನು 32ಸಿ. ಕೆಳಗಿನ ಅಳತೆಗೆ ನಾಲ್ಕು ಇಂಚು ಸೇರಿಸುವ ಹಳೇ ಪದ್ಧತಿಯೊಂದಿದೆ. ನಮ್ಮ ವಂಶದ 36 ಬಂದದ್ದು ಅಲ್ಲಿಂದಲೇ ಇರಬೇಕು. ಭಾರ ಹೊರಬೇಕಾದದ್ದು ಬಹುಪಾಲು ಪಟ್ಟಿ. ಅದು ಸಡಿಲವಾದರೆ ಮುಕ್ಕಾಲು ಕಿಲೋ ಪೂರ್ತಿ ಎರಡು ಸ್ಟ್ರಾಪಿಗೆ ಜೋತುಬೀಳುತ್ತದೆ.

ಈ ಎ, ಬಿ, ಸಿ, ಡಿ ಅಕ್ಷರಗಳನ್ನು 1932ರಲ್ಲಿ ಶುರುಮಾಡಿದ್ದು ಅಮೆರಿಕದ ಎಸ್.ಎಚ್. ಕ್ಯಾಂಪ್ ಕಂಪನಿ. ಅಂದಿನಿಂದ ಡಿ ಅಂದರೆ ಬೆಟ್ಟ, ಎ ಅಂದರೆ ಬಯಲು ಅಂತ ಜನ ನಂಬಿದ್ದಾರೆ. ಸುಳ್ಳು. 32ಡಿ, 34ಸಿ, 36ಬಿ ಮೂರರ ಕಪ್ಪಿನಲ್ಲೂ ಹಿಡಿಯುವುದು ಹೆಚ್ಚುಕಡಿಮೆ ಒಂದೇ. ಸಂಖ್ಯೆ ಇಲ್ಲದ ಅಕ್ಷರಕ್ಕೆ ಅರ್ಥವೇ ಇಲ್ಲ.

ಈ ಜ್ಞಾನ ಹೊತ್ತು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ನನ್ನ ಮುಖ ಬಿಟ್ಟು ಬೇರೆಲ್ಲ ನೋಡಿ, "32 ಕಾಲೇಜು ಹುಡುಗೀರ್ದು ಮೇಡಂ, ನಿಮ್ಗೆ 36 ಕೊಡ್ತೀನಿ, ಫ್ರೀಯಾಗಿರತ್ತೆ" ಅಂದ. ಪಕ್ಕದಲ್ಲಿ ಟವೆಲ್ ಆರಿಸುತ್ತಿದ್ದ ಗಂಡಸೊಬ್ಬರು ತಟಕ್ಕನೆ ಕ್ಯಾಲೆಂಡರ್ ಓದತೊಡಗಿದರು. ನಾನು ಬಿಡಲಿಲ್ಲ, ವ್ಯತ್ಯಾಸ, ಇಂಚು, ಮಿ.ಲೀ. ಎಲ್ಲ ವಿವರಿಸಿದೆ. ಹುಡುಗ ಕೆಂಪಾಗಿ ಮಾಲೀಕರನ್ನು ಕರೆದ. 32ಸಿ ಇರಲಿಲ್ಲ, 34ಬಿ ಸಿಕ್ಕಿತು. ಕಪ್ಪು ಅದೇ, ಪಟ್ಟಿ ಎರಡಿಂಚು ದೊಡ್ಡದು, ಒಳಗಿನ ಹುಕ್ಕಿಗೆ ಹಾಕಿದರೆ ನಡೆಯುತ್ತದೆ.

ಅಂಗಡಿಯವರಲ್ಲಿ ಒಂದು ಅರಿಕೆ: "ಒಳಉಡುಪು ವಾಪಸ್ ಇಲ್ಲ" ಅಂತ ಬೋರ್ಡು ಹಾಕಿರುವ ಗೋಡೆಯ ಪಕ್ಕದಲ್ಲೇ ಒಂದು ಪರದೆ ಕಟ್ಟಿ, ಒಂದು ಕನ್ನಡಿ ಇಡಿ, ಟೇಪು ಹಿಡಿಯಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ. ತಕ್ಕಡಿ ಬೇಡ.