ಹೊರಟಪ್ಪನ ಟೆನ್ಶನ್ನು

ಹೊರಟಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗೆಳೆಯರು ಕಟ್ಟಿದ್ದು. ಪ್ರತಿ ಬಳಗದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಬೆಂಗಳೂರಿನಿಂದ ಬಿಡದಿಯ ತಟ್ಟೆ ಇಡ್ಲಿಗೆಂದು ಹೊರಟವನು, "ಇಷ್ಟು ದೂರ ಬಂದ್ವಿ, ಮದ್ದೂರು ಇಲ್ಲೇ ಅಲ್ವಾ" ಅಂತ ವಡೆಗೆ ಎಳೆದುಕೊಂಡು ಹೋಗಿ, ಮಧ್ಯಾಹ್ನಕ್ಕೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಾಲು ಇಳಿಬಿಟ್ಟು ಕೂತಿರುತ್ತಾನೆ. ಟವೆಲ್ ತಂದಿಲ್ಲ, ಮನೆಗೆ ಹೇಳಿಲ್ಲ. ಪಕ್ಕದಲ್ಲಿ ಕೂತ ಯಾರದೋ ಬುತ್ತಿಯ ಚಿತ್ರಾನ್ನ ಮಾತ್ರ ಆಗಲೇ ಇವನ ಕೈಯಲ್ಲಿರುತ್ತದೆ.

ಇವನಿಗೇನಪ್ಪ ಟೆನ್ಶನ್ನು ಅಂತ ಎಲ್ಲರಿಗೂ ಹೊಟ್ಟೆಯುರಿ. ನನಗೆ ಮಾತ್ರ ಪಾಪ ಅನ್ನಿಸುತ್ತದೆ. ನಮಗೆ ನಿಶ್ಚಿಂತೆ ಕೊಡುವ ಒಂದೊಂದೂ ಅವನ ಬಿಪಿ ಏರಿಸುತ್ತದೆ.

ರೈಲ್ವೆಯನ್ನೇ ನೋಡಿ. ಮೊದಲು 120 ದಿನ ಮುಂಚೆಯೇ ಟಿಕೆಟ್ ಕಾಯ್ದಿರಿಸಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿಯಿತು. ಗೆಳೆಯರೆಲ್ಲ ಗೊಣಗಿದರೆ ಹೊರಟಪ್ಪ ಒಬ್ಬನೇ ಹಿಗ್ಗಿದ: "ಇನ್ನೊಂದು 60 ಕಡಿಮೆ ಮಾಡಿದ್ರೆ ಸರಿಹೋಗುತ್ತೆ ಗುರೂ!" ತತ್ಕಾಲ್ ಇದೆಯಲ್ಲ ಅನ್ನಬಹುದು. ಎ.ಸಿ. ಬೋಗಿಗೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಅದು ತೆರೆಯುತ್ತದೆ. ಇವನಿಗೆ ನೆನಪಾಗುವುದು ಹನ್ನೆರಡೂವರೆಗೆ. ಹೋಗಲಿ, ಬೆಟ್ಟವಾದರೂ ಹತ್ತೋಣವೆಂದರೆ ಕುಮಾರಪರ್ವತಕ್ಕೂ ಈಗ ಆನ್‌ಲೈನ್ ಬುಕಿಂಗ್. "ಬೆಟ್ಟಕ್ಕೂ ಅಪಾಯಿಂಟ್‌ಮೆಂಟಾ?" ಅಂತ ಅವತ್ತು ಕೂತುಬಿಟ್ಟವನು ಎರಡು ಕಾಫಿ ಆದ ಮೇಲೆ ಎದ್ದ.

ಆಫೀಸಿನಲ್ಲಿ ಒಮ್ಮೆ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಮಾಡಿಸಿದರು. ಕಾರ್ಲ್ ಯೂಂಗ್ 1921ರಲ್ಲಿ ಬರೆದದ್ದನ್ನು ಹಿಡಿದುಕೊಂಡು ಅಮೆರಿಕದ ತಾಯಿ ಮಗಳು ಸೇರಿ ಮನುಷ್ಯಕುಲವನ್ನು 16 ಖಾನೆಗಳಲ್ಲಿ ಕೂರಿಸಿದ ಪರೀಕ್ಷೆ ಅದು. ಮನಶ್ಶಾಸ್ತ್ರಜ್ಞರು ಅನೇಕರು ಅದನ್ನು ಒಪ್ಪುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಹೊರಟಪ್ಪ ಅರ್ಧ ಪ್ರಶ್ನೆಗೇ ಬೇಸತ್ತು ಎದ್ದು, ಪರೀಕ್ಷೆ ನಡೆಸಲು ಬಂದ ಮೇಡಮ್ಮನನ್ನೂ ಕರೆದುಕೊಂಡು ಟೀ ಅಂಗಡಿಗೆ ಹೋದ. ಉಳಿದ ಅರ್ಧ ಕೇಳದೆಯೇ ಆಕೆ ಅವನ ಖಾನೆ ಬರೆದುಕೊಂಡರು: ಇಎಸ್‌ಎಫ್‌ಪಿ. ಜನ ಬೇಕು, ಈ ಕ್ಷಣ ಬೇಕು, ಪ್ಲಾನು ಬೇಡ. ಜತೆಗೊಂದು ಸಲಹೆ: ದಿನಕ್ಕೆ ಅರ್ಧ ಗಂಟೆ ಒಬ್ಬರೇ ಸುಮ್ಮನೆ ಕೂತಿರಿ. "ಐದು ವರ್ಷದ ನಂತರ ಎಲ್ಲಿರುತ್ತೀರಿ?" ಅನ್ನುವ ಅಪ್ರೈಸಲ್ ಪ್ರಶ್ನೆಗೂ ಬೆವರದವನು ಇದಕ್ಕೆ ಬೆವೆತ.

ಒಬ್ಬನೇ ಇದ್ದಾಗ ಅವನನ್ನು ನೋಡಬೇಕು. ಹೆಂಡತಿ ಮಕ್ಕಳು ಊರಿಗೆ ಹೋಗಿದ್ದ ಒಂದು ಭಾನುವಾರ ನಾನು ಹೋದಾಗ ಟಿ.ವಿ. ಒಂದು ಕಡೆ, ರೇಡಿಯೊ ಒಂದು ಕಡೆ ಕೂಗುತ್ತಿದ್ದವು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಸೋಫಾದ ತುದಿಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಸಂಕೋಚದಿಂದ ಕೂತಿದ್ದ. ಕೆಳಗೆ ಗಾಡಿಯಲ್ಲಿ ಇನ್ನೂ ಸಿಲಿಂಡರ್‌ಗಳಿದ್ದವು. "ಸಾರ್, ಬಿಟ್ಬಿಡಿ ಸಾರ್" ಅಂತ ಕಣ್ಣಲ್ಲೇ ನನ್ನನ್ನು ಬೇಡಿದ. ನಾನು ಕೂತೆ, ಅವನು ಎದ್ದ.

2020ರ ಮಾರ್ಚ್ 24ರ ರಾತ್ರಿ ಟಿ.ವಿ.ಯಲ್ಲಿ 21 ದಿನದ ಲಾಕ್‌ಡೌನ್ ಅಂದಾಗ ದೇಶಕ್ಕೆಲ್ಲ ರೋಗದ ಭಯ. ಹೊರಟಪ್ಪ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ: "ಹಾಲಿನವನು ಬರ್ತಾನೆ ತಾನೆ?" ಹಾಲಿಗಲ್ಲ, ಮಾತಿಗೆ.

ಇದೆಲ್ಲ ಸಹಿಸಿಯಾನು. ಅವನಿಗೆ ತಡೆಯಲಾಗದ್ದು ವಾಟ್ಸಾಪ್ ಗುಂಪಿನ ಮೌನ. "ನಾಳೆ ಸಕಲೇಶಪುರ! ಯಾರ್ಯಾರು?" ಅಂತ ಹಾಕುತ್ತಾನೆ. ಎಲ್ಲರೂ ನೋಡಿದ್ದಕ್ಕೆ ನೀಲಿ ಗೆರೆ ಸಾಕ್ಷಿ. ಉತ್ತರವಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು "ನೋಡೋಣ" ಅನ್ನುತ್ತಾರೆ. ಅವತ್ತು ರಾತ್ರಿ ಅವನಿಗೆ ಅನ್ನ ಸೇರುವುದಿಲ್ಲವೆಂದು ಅವನ ಹೆಂಡತಿಯೇ ಹೇಳಿದ್ದಾರೆ.

ನಿಮ್ಮ ಬಳಗದಲ್ಲೂ ಇಂಥವನಿದ್ದರೆ ಹೀಗೆ ಮಾಡಿ. ಎರಡು ತಿಂಗಳು ಮೊದಲೇ ಕಾರವಾರದ ರೈಲಿಗೆ ನೀವೇ ಟಿಕೆಟ್ ಮಾಡಿಸಿ, ಬಾಯಿ ಬಿಡಬೇಡಿ. ಹಿಂದಿನ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, "ಲೋ, ಸುಮ್ನೆ ಅನ್ನಿಸ್ತು, ನಾಳೆ ಕಾರವಾರಕ್ಕೆ ಹೋಗೋಣ್ವಾ?" ಅನ್ನಿ. ಅವನ ಆಧಾರ್ ಕಾರ್ಡನ್ನು ಮಾತ್ರ ಅವನ ಹೆಂಡತಿಯಿಂದ ಮೊದಲೇ ಇಸಿದುಕೊಂಡಿರಿ.