ನಿಲ್ತೀರಂತೆ, ಹೌದಾ?

ಏದುಸಿರಿನಲ್ಲೂ ದರ್ಜೆಗಳಿವೆ ಎಂಬುದು ನನಗೆ ಗೊತ್ತಾಗಿದ್ದು ಐವತ್ತರ ಹೊಸ್ತಿಲಲ್ಲಿ. ಮೈಮುರಿದು ದುಡಿದಾಗ ಮಾತ್ರ ಉಸಿರು ಕಟ್ಟಿದರೆ ಸೊನ್ನೆ. ಬಿರಬಿರನೆ ನಡೆದಾಗ, ದಿಬ್ಬ ಹತ್ತಿದಾಗ ಕಟ್ಟಿದರೆ 1. ಸಮತಟ್ಟು ರಸ್ತೆಯಲ್ಲೇ ಓರಗೆಯವರಿಗಿಂತ ಹಿಂದೆ ಬಿದ್ದರೆ 2. ನೂರು ಮೀಟರಿಗೊಮ್ಮೆ ನಿಲ್ಲಬೇಕಾದರೆ 3. ಅಂಗಿ ತೊಡುವಾಗಲೇ ಮೇಲುಸಿರು ಬಂದರೆ 4. ನನ್ನದು 1. ಹೆಂಡತಿಯ ಜೊತೆ ಸಂತೆಗೆ ಹೊರಟರೆ 2.

ಶ್ವಾಸಕೋಶದ ಈ ಕಾಯಿಲೆಯ ಹೆಸರು ಸಿಒಪಿಡಿ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು. ಒಳಗೆ ಅಮ್ಮನ ಸೌದೆ ಒಲೆಯ ಹೊಗೆ, ಹೊರಗೆ ಪವರ್‌ಲೂಮಿನ ಧೂಳು. ಶೆಡ್ಡಿನ ಧೂಳು ತಡೆಯಲಾರದೆ ಒಳ್ಳೆ ಗಾಳಿಗೆಂದು ಬೀದಿಗೆ ಬಂದು ನಿಲ್ಲುತ್ತಿದ್ದೆ. ನಿಂತು ಸಿಗರೇಟು ಹಚ್ಚುತ್ತಿದ್ದೆ. "ದಿನಕ್ಕೆ ಎಷ್ಟು ಸೇದ್ತೀರಿ?" ಎಂದು ಡಾಕ್ಟರು ಕೇಳಿದಾಗ "ಅಪರೂಪಕ್ಕೆ" ಎಂದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. ಡಾಕ್ಟರು ನನ್ನ ಉತ್ತರ ಬಿಟ್ಟು ಅವಳ ನಗುವನ್ನು ಬರೆದುಕೊಂಡರು.

ಆಮೇಲೆ ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅಂತಾರೆ. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಗಾಳಿ ಎಳೆದುಕೊಂಡು ಒಮ್ಮೆಲೇ ಊದು, ಕನಿಷ್ಠ ಆರು ಸೆಕೆಂಡು ಬಿಡದೆ ಊದು ಅಂತಾರೆ. 1846ರ ಹೊತ್ತಿಗೆ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯ ಇಂಥ ಯಂತ್ರ ಕಟ್ಟಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿದ್ದನಂತೆ. ಪಾಪ, ಅವನಿಗೆ ನಮ್ಮ ಟೆಕ್ನೀಷಿಯನ್ ಹುಡುಗಿಯ ಗಂಟಲಿರಲಿಲ್ಲ. "ಊದಿ ಅಂಕಲ್, ಊದಿ, ಇನ್ನೂ, ಇನ್ನೂ, ಬಿಡ್ಬೇಡಿ, ಇನ್ನೂ!" ಎಂಬ ಆ ಕೂಗಿಗೆ ಹೊರಗೆ ಸರದಿಯಲ್ಲಿ ಕೂತಿದ್ದವರೂ ಊದತೊಡಗಿದ್ದರು.

ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಬಂದದ್ದರ ಪಾಲು 0.70ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಇದೆ ಅಂತ ಲೆಕ್ಕ. ನನ್ನದು 0.66. ಆದರೆ ನನ್ನ ವಯಸ್ಸು, ಎತ್ತರದವರು ಆ ಮೊದಲ ಸೆಕೆಂಡಿನಲ್ಲಿ ಊದಬೇಕಾದ ಗಾಳಿಯಲ್ಲಿ ನಾನು ಶೇ. 82ರಷ್ಟು ಊದಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ಸ್ ಹಿಡಿದು ದಡ ಸೇರಿದವನಿಗೆ ಫಸ್ಟ್ ಕ್ಲಾಸ್! ಮುಖ ಅರಳಿದ್ದು ಕಂಡು ಡಾಕ್ಟರು, "80ರ ಮೇಲಿದೆ, ಅಂದ್ರೆ ಮೊದಲನೇ ಹಂತ, ಅಷ್ಟೇ. ಹೋಗಿರೋದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ. ಸಿಗರೇಟು ಬಿಡಿ, ದಿನಾ ನಡೀರಿ" ಎಂದರು.

ಸಿಗರೇಟು ಬಿಟ್ಟ ಕಥೆ ಬೇಡ, ಅದರಲ್ಲಿ ಹಾಸ್ಯವಿಲ್ಲ. ನಡೆದ ಕಥೆ ಕೇಳಿ.

ಕಾಯಿಲೆಯನ್ನು ಊರಿಗೆ ಹೇಳುವ ಮನಸ್ಸಿರಲಿಲ್ಲ. ಹಾಗಂತ ಬೀದಿ ಮಧ್ಯೆ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡಲಾದೀತೆ? ಉಸಿರು ಕಟ್ಟಿದಲ್ಲೆಲ್ಲ ಹತ್ತಿರದ ಬಾಗಿಲಲ್ಲಿ ನಿಂತು "ನೂಲಿನ ರೇಟು ಹೇಗಿದೆ?" ಎಂದು ಕೇಳುತ್ತಿದ್ದೆ. ಈ ಪ್ರಶ್ನೆಯ ಸುಖವೆಂದರೆ, ಕೇಳಲು ಅರ್ಧ ಉಸಿರು ಸಾಕು. ನಮ್ಮೂರ ನೇಕಾರ ಉತ್ತರ ಮುಗಿಸುವಷ್ಟರಲ್ಲಿ ಪೂರ್ತಿ ಉಸಿರು ವಾಪಸ್ ಬಂದಿರುತ್ತದೆ. ಇನ್ನೂ ಬಾರದಿದ್ದರೆ "ಕರೆಂಟು?" ಅಂದರಾಯಿತು.

ಡಾಕ್ಟರು ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದರು. ಮೂಗಿನಿಂದ ಗಾಳಿ ಎಳೆದುಕೊಂಡು, ಸಿಳ್ಳೆ ಹಾಕುವ ಹಾಗೆ ತುಟಿ ಮುದುಡಿ, ನಿಧಾನವಾಗಿ ಬಿಡುವುದು. ಒಳಗೆ ಸಿಕ್ಕಿಕೊಂಡ ಗಾಳಿ ಸಲೀಸಾಗಿ ಹೊರಬರುತ್ತದೆ. ಜರಿ ರೇಟು, ಸಾಲದ ಕಂತು, ಮಗಳ ಮದುವೆ ಎಂದು ಎದುರಿನವರು ಹೇಳುತ್ತಿದ್ದರೆ ನಾನು ತುಟಿ ಮುದುಡಿ ಉದ್ದಕ್ಕೆ ಉಸಿರು ಬಿಡುತ್ತಿದ್ದೆ. ಜನ ಅದನ್ನು ತಮ್ಮ ಕಷ್ಟಕ್ಕೆ ನಾನು ಬಿಟ್ಟ ನಿಟ್ಟುಸಿರು ಎಂದುಕೊಂಡರು. "ನಮ್ಮ ಮಾತನ್ನ ಇಷ್ಟು ತಾಳ್ಮೆಯಿಂದ ಯಾರು ಕೇಳ್ತಾರೆ ಹೇಳಿ" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡರು.

ಅದು ನೇಕಾರರ ಸಹಕಾರ ಸಂಘವೊಂದರ ಚುನಾವಣೆಯ ಕಾಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಟೀ ಅಂಗಡಿ ಮುಂದೆ ಒಬ್ಬರು ಅಡ್ಡಗಟ್ಟಿದರು.

"ಸಾರ್, ನಿಲ್ತೀರಂತೆ, ಹೌದಾ?"

ಗುಟ್ಟು ರಟ್ಟಾಯಿತಲ್ಲ ಎಂದುಕೊಂಡು, "ಏನ್ಮಾಡೋದು, ನಿಲ್ಲಲೇಬೇಕಾಗಿದೆ" ಎಂದೆ.

ಸಂಜೆಗೆ ನಾಲ್ಕು ಜನ ನಾಮಪತ್ರದೊಂದಿಗೆ ಮನೆಗೆ ಬಂದರು. ನಾನು ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದೆ. ಬೇಡ ಎನ್ನಲು ಉಸಿರು ಬೇಕು, ಸಹಿ ಹಾಕಲು ಬೇಡ.

ಮಾರನೇ ದಿನ ಎದುರಾಳಿಯೇ ಬಂದರು. ಹಳೇ ಡೈರೆಕ್ಟರು, ನನಗಿಂತ ಹಿರಿಯರು. ಮಹಡಿ ಹತ್ತಿ ಬಂದವರೇ ಕುರ್ಚಿಗೆ ಕುಸಿದರು.

"ಏನು ತಗೊಳ್ತೀರಣ್ಣ?"

"ಮೊದ್ಲು... ಉಸಿರು... ತಗೊಳ್ತೀನಿ."

ನೋಡಿದರೆ ಅವರ ತುಟಿಯೂ ಸಿಳ್ಳೆಗೆ ಮುದುಡಿಕೊಂಡಿತ್ತು. ಜೇಬಿನಿಂದ ನನ್ನದರಂಥದೇ ಇನ್‌ಹೇಲರು ತೆಗೆದರು. ಪುಡಿಯ ಕ್ಯಾಪ್ಸೂಲು ಸಿಕ್ಕಿಸಿ, ಟಕ್ಕೆಂದು ತಿರುಗಿಸಿ, ಬುಸ್ಸೆಂದು ಎಳೆದು, ಕಣ್ಣುಮುಚ್ಚಿ ಉಸಿರು ಹಿಡಿದು ಕೂತರು. ಮೊದಮೊದಲು ಅವರು ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುತ್ತಿದ್ದರಂತೆ. ನಾನೂ ನುಂಗುತ್ತಿದ್ದೆ ಎಂದು ಹೇಳಲು ಹೋಗಲಿಲ್ಲ.

"ನಿಮ್ದೆಷ್ಟು?" ಎಂದರು.

"82."

"ಅಷ್ಟೊಂದಾ! ನಂಗೆ ಬರೀ 68."

ಪ್ರಚಾರಕ್ಕೆ ಮಹಡಿ ಹತ್ತಿಳಿಯುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಡೈರೆಕ್ಟರಿಗೆ ಮೀಟಿಂಗಿನಲ್ಲಿ ಕೂರುವ ಕೆಲಸ, ಅದು ಅವರಿಗೆ ಆಗಲೇ ಅಭ್ಯಾಸವಾಗಿತ್ತು. ನಾನು ನಾಮಪತ್ರ ವಾಪಸ್ ತಗೊಂಡೆ.

ಆದರೆ ನಾವಿಬ್ಬರು ಮಾತಾಡುವ ಹೊತ್ತಿಗೆ ಕರೆಂಟು ಹೋಗಿ ಕೆಳಗಿನ ಮಗ್ಗಗಳೆಲ್ಲ ನಿಂತಿದ್ದವು. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಗುಂಡು ಹಾರಿಸಿದರೂ ಕೆಳಗೆ ಕೇಳಿಸುವುದಿಲ್ಲ. ಸಂಜೆಯೊಳಗೆ ಊರಿಗೆಲ್ಲ ಲೆಕ್ಕ ಗೊತ್ತಾಗಿತ್ತು: ನಾಮಪತ್ರ ವಾಪಸ್ ತಗೊಂಡಿದ್ದಕ್ಕೆ ನನಗೆ 82 ಸಾವಿರ, ಹಳಬರ ಕೈಯಲ್ಲಿ ಉಳಿದದ್ದು ಬರೀ 68. ಕಣ್ಣೊರೆಸಿಕೊಂಡಿದ್ದ ಆ ತಾಯಿ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹೀಗಾಗಿ ಉಸಿರಾಡಲು ಇದ್ದ ಒಂದು ಜಾಗವೂ ಹೋಯಿತು.

ರಾತ್ರಿ ದೇವನಹಳ್ಳಿಯಿಂದ ಭಾವಮೈದುನನ ಫೋನು. "ಭಾವ, 82ರಲ್ಲಿ ಒಂದು 20 ಈ ಕಡೆ ತಿರುಗಿಸಿ, ದಸರಾ ಹೊತ್ತಿಗೆ ವಾಪಸ್ ಕೊಡ್ತೀನಿ."

"20 ಹೋದ್ರೆ ನಾನು ಎರಡನೇ ಹಂತಕ್ಕೆ ಹೋಗ್ತೀನಿ ಕಣಯ್ಯಾ" ಎಂದೆ.

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಗಂಟಲಲ್ಲಿ ಸಣ್ಣ ಮುನಿಸು: "ಸೈಟು ಬೇರೆ ತಗೊಂಡ್ರಾ? ಯಾವ ಲೇಔಟು ಭಾವ?"